ಚಿಕ್ಕಮ್ಮ ತೊಳೆದಿಟ್ಟ ಬೋಗುಣಿ

ಮೂವತ್ತನೆಯ ದಿನ ಸಂಡೂರಿನ ಚಿಕ್ಕಮ್ಮನ ಮನೆಯ ಮಾಳಿಗೆ ಹತ್ತಿ ನೋಡಿದರೆ ನನ್ನ ಬೋಗುಣಿ ಫಳಫಳ ಹೊಳೆಯುತ್ತಿತ್ತು. ಬೋರಲು ಬೇರೆ ಹಾಕಿದ್ದಳು. ಒಳಗೆ ಬೆರಳಾಡಿಸಿದೆ, ಧೂಳಿನ ಒಂದು ಕಣವೂ ಇಲ್ಲ. ಅಯ್ಯೋ ನನ್ನ ಕರ್ಮವೇ ಎಂದು ಅಲ್ಲೇ ತಲೆ ಮೇಲೆ ಕೈ ಹೊತ್ತು ಕೂತೆ.

ನಾನು ಓದುತ್ತಿದ್ದುದು ಪರಿಸರ ವಿಜ್ಞಾನ, ಅದೂ ಹಿಮ ಬೀಳುವ ದೂರದ ದೇಶವೊಂದರಲ್ಲಿ. ಅಲ್ಲಿ ನಮ್ಮ ಕಡೆಯ ಅದಿರಿನ ಧೂಳಿನ ಮಾತೆತ್ತಿದಾಗಲೆಲ್ಲ ನನ್ನ ಗೈಡ್ ಮೇಡಂ ಕೇಳುತ್ತಿದ್ದುದು ಒಂದೇ: "ಎಷ್ಟು?" ನಮ್ಮ ಚಿತ್ತವಾಡ್ಗಿಯಲ್ಲಿ ಧೂಳನ್ನು ಯಾರಾದರೂ ಎಷ್ಟು ಎಂದು ಕೇಳುತ್ತಾರೆಯೇ? ಒಣಹಾಕಿದ ಬಿಳಿ ಅಂಗಿ ಕೆಂಪಾದರೆ ಲಾರಿಯವರನ್ನು ನಾಲ್ಕು ಬೈದು ಮತ್ತೆ ಒಗೆಯುತ್ತಾರೆ. ಆದರೆ ಮೇಡಂಗೆ ಬೈಗುಳ ಸಾಲದು, ಅಂಕಿ ಬೇಕು. ಅದಕ್ಕೇ ಪ್ರಬಂಧಕ್ಕೆಂದು ಬೇಸಿಗೆಯಲ್ಲಿ ಊರಿಗೆ ಬಂದು, ಹೊಸಪೇಟೆಯಲ್ಲಿ ಮೂರು ಸ್ಟೀಲ್ ಬೋಗುಣಿ ಕೊಂಡೆ. ಒಂದನ್ನು ಹಂಪಿಯ ಹತ್ತಿರ ಬಾಳೆತೋಟದ ಮನೆಯ ಮೇಲಿಟ್ಟೆ, ಇನ್ನೊಂದನ್ನು ಚೋರನೂರಿನ ಗೆಳತಿಯ ಮನೆಯ ಮೇಲೆ. ಮೂರನೆಯದು ಅದಿರು ಲಾರಿಗಳು ಓಡಾಡುವ ರಸ್ತೆಗೆ ಅಂಟಿಕೊಂಡ ಈ ಚಿಕ್ಕಮ್ಮನ ಮಾಳಿಗೆಯ ಮೇಲೆ. ಒಂದು ತಿಂಗಳು ಯಾರೂ ಮುಟ್ಟಬಾರದು. ಆಮೇಲೆ ಬಿದ್ದ ಧೂಳನ್ನು ಒಯ್ದು ತೂಗಬೇಕು. ಮೂರರಲ್ಲಿ ಇದೇ ಜೀವಾಳ, ಇದಿಲ್ಲದೆ ಉಳಿದೆರಡು ಇದ್ದೂ ಇಲ್ಲದಂತೆ. ನಾನು ವಾಪಸ್ ಹೋಗಲು ನಾಲ್ಕೇ ದಿನ ಉಳಿದಿತ್ತು.

ದಡದಡ ಇಳಿದು ಬಂದು, "ಚಿಕ್ಕವ್ವಾ, ಮುಟ್ಟಬ್ಯಾಡ ಅಂತ ಎಷ್ಟ್ ಸಲ ಹೇಳಿದ್ನಿ!" ಎಂದು ಕಿರುಚಿದೆ.

ಚಿಕ್ಕಮ್ಮ ಒಲೆ ಮುಂದಿನಿಂದ ಏಳಲೂ ಇಲ್ಲ. "ಮೊನ್ನೆ ಎಮ್ಮಿಗನೂರಿಂದ ನಿನ್ನ ತಂಗೀನ ನೋಡಾಕ ಬಂದಿದ್ರು. ಮನಿಯೆಲ್ಲಾ ತೊಳದೆ, ಅದನ್ನೂ ತೊಳದೆ. ಬೀಗರಾಗೋರ ಮುಂದ ಕೆಂಪು ಮಣ್ಣು ತುಂಬಿದ ಬೋಗುಣಿ ಇಟಗಂಡು ಕುಂದರ್ಲೇನು?"

"ಅದು ನನ್ನ ಓದು, ಚಿಕ್ಕವ್ವಾ!"

"ಇದು ನನ್ನ ಮಗಳ ಬಾಳೇವು. ನಮ್ಮನಿ ಕಸ ಹೊತಗಂಡು ಹೋಗಿ ಪರದೇಶದಾಗ ತೋರಸ್ತೀನಿ ಅಂತೀಯಲ್ಲ, ನಾಚಿಕಿ ಆಗಲ್ಲೇನ್ ಲೇ ನಿನಗ? ಊರಿಗೆ ಉಪಕಾರಿ, ಮನಿಗೆ ಮಾರಿ!"

ಎಮ್ಮಿಗನೂರಿನವರದು ಭತ್ತದ ಗದ್ದೆ, ಕಬ್ಬು, ಕಣ್ಣು ಹಾಯಿಸಿದಷ್ಟೂ ಹಸಿರು. ತಂಗಿಗೆ ಆ ಸಂಬಂಧವೆಂದರೆ ಜೀವ. "ಅಲ್ಲಿ ಮುಂಜಾನೆ ಎದ್ದು ಕಿಟಕಿ ಒರಸೂದ ಇರಂಗಿಲ್ಲಂತಕ್ಕಾ" ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು. ಅದೆಲ್ಲ ನೆನಪಾದರೂ ಸಿಟ್ಟು ಇಳಿಯಲಿಲ್ಲ. ಉಣ್ಣದೆ ಮೂಲೆ ಹಿಡಿದು ಕೂತೆ.

ಕರೆದು ಕರೆದು ಸಾಕಾಗಿ ಚಿಕ್ಕಮ್ಮ ಕಿಟಕಿಯ ಸಂದಿಗಳಿಂದ ಧೂಳು ಬಳಿದು ಬೊಗಸೆಯಲ್ಲಿ ತಂದಳು. "ತಗಾ ನಮ್ಮವ್ವಾ, ಇದಕ್ಕೇನು ಬರಗಾಲ? ತುಂಬಿಕ್ಯಾ. ನಮ್ಮನೀದು ಅಂತ ಮಾತ್ರ ಬರೀಬ್ಯಾಡ."

ಸುಳ್ಳೇಕೆ ಹೇಳಲಿ, ತುಂಬಿಕೊಂಡೆ. ಸೀಸೆಯ ಮೇಲೆ 'ಮೂವತ್ತು ದಿನ' ಎಂದೂ ಬರೆದೆ. ಆದರೆ ಆ ದೇಶಕ್ಕೆ ವಾಪಸ್ ಹೋಗಿ ಲ್ಯಾಬಿನ ತಕ್ಕಡಿಯ ಮುಂದೆ ನಿಂತಾಗ, ಮುಚ್ಚಳದ ಮೇಲಿಟ್ಟ ಕೈ ಹಿಂತೆಗೆದೆ. ಧೂಳು ನಿಜ, ಮನೆ ನಿಜ, ಅಂಕಿ ಮಾತ್ರ ಸುಳ್ಳಾಗುತ್ತಿತ್ತು. ಯಾರಿಗೂ ಗೊತ್ತಾಗುವಂತಿರಲಿಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೇ. ಸೀಸೆಯನ್ನು ತೆರೆಯದೆ ಚೀಲಕ್ಕೆ ಹಾಕಿಕೊಂಡೆ. ಪ್ರಬಂಧದ ಪಟ್ಟಿಯಲ್ಲಿ ಹಂಪಿಗೂ ಚೋರನೂರಿಗೂ ಅಂಕಿ ಬರೆದೆ. ಎಲ್ಲರಿಗಿಂತ ಹೆಚ್ಚು ಧೂಳು ಕುಡಿಯುವ ಮನೆಯ ಎದುರು ಒಂದು ಗೀಟು ಎಳೆದು, ಮಾಹಿತಿ ಸಿಗಲಿಲ್ಲ ಎಂದು ಬರೆದು ಸಲ್ಲಿಸಿದೆ. ಮೇಡಂ ನನ್ನ ಪ್ರಾಮಾಣಿಕತೆ ಮೆಚ್ಚಿದರು. ಸೀಸೆ ಆಗಲೂ ನನ್ನ ಚೀಲದಲ್ಲೇ ಇತ್ತು.

ವಾರ ಕಳೆದ ಮೇಲೆ ಚಿಕ್ಕಮ್ಮ ಫೋನ್ ಮಾಡಿದಳು. "ಎಮ್ಮಿಗನೂರಿನೋರು ಒಲ್ಲೆ ಅಂದ್ರವ್ವಾ."

"ಯಾಕ?"

"ಬೋಗುಣಿ ಎಲ್ಲಿ ನೋಡಿದ್ರು? ಬಾಗಲ ಮುಂದಿನ ಬೇವಿನ ಗಿಡ ನೋಡಿದ್ರಂತ. ಎಲಿ ಸೈತ ಕೆಂಪದಾವು, ಅಲ್ಲಿ ಬೆಳೆದ ಹುಡುಗಿ ಎದಿಯಾಗ ಏನೈತೋ ಅಂದ್ರಂತ."

ಅವಳ ಹಿಂದೆ ಲಾರಿಯೊಂದು ಹಾದುಹೋಗುವುದು ಕೇಳಿಸಿತು.

"ನಾ ತೊಳೀಬಾರದಿತ್ತು" ಎಂದಳು. "ಈಗರ ಬರಿ. ನಮ್ಮನಿ ಅಂತನ ಬರಿ, ನನ್ನ ಹೆಸರೂ ಹಾಕು. ಎಷ್ಟು ಬೀಳತೈತಿ ಅಂತ ನಾಕು ಮಂದಿಗೆ ಗೊತ್ತಾಗ್ಲಿ."

"ಆತು ಚಿಕ್ಕವ್ವಾ" ಎಂದೆ. ಅವಳ ಮನೆಯ ಎದುರು ಗೀಟೆಳೆದು ಪ್ರಬಂಧ ಕೊಟ್ಟಾಗಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.