ಅರ್ಥ ತಿಳಿಯದೆ ಉಳಿ ಇಡದವರು

ನಮ್ಮ ಮನೆ ಯಜಮಾನರು ಸಮಾಧಿ ಕಲ್ಲು ಕೆತ್ತುವವರು. ಅರ್ಥ ಗೊತ್ತಿಲ್ಲದ ಪದದ ಮೇಲೆ ಉಳಿ ಇಡುವವರಲ್ಲ. ಕಲ್ಲಿನಲ್ಲಿ ತಪ್ಪಾದರೆ ಅಳಿಸಲು ರಬ್ಬರಿಲ್ಲವಲ್ಲ! ಬರೆಸಿಕೊಂಡು ಬಂದವರಿಂದ ಅಕ್ಷರದ ಮೇಲೆ ಬೆರಳಿಡಿಸಿ ಎರಡೆರಡು ಸಲ ಓದಿಸುತ್ತಾರೆ. ಜನ ಕರೆಯುವುದೇ ‘ಅನುಮಾನದ ಮೇಸ್ತ್ರಿ’ ಎಂದು.

ಆ ಅನುಮಾನ ಅಂಟಿಕೊಂಡದ್ದು ಹೇಗೆಂದು ನನಗೆ ಗೊತ್ತು. ಹದಿನೆಂಟು ವರ್ಷದ ಹಿಂದೆ ಒಬ್ಬ ಕಟ್ಟಡ ತನಿಖಾಧಿಕಾರಿ ಲಂಚ ಕೇಳಿದರೆಂಬ ಸುಳ್ಳು ದೂರಿಗೆ ಇವರು ಸಹಿ ಹಾಕಿದ್ದರು. ಆಗ ಇವರು ಕಟ್ಟಡದ ಕಲ್ಲುಕೆಲಸಕ್ಕೆ ಹೋಗುತ್ತಿದ್ದರು; ಸಹಿ ಹಾಕದಿದ್ದರೆ ಇನ್ನು ಕೆಲಸವೇ ಕೊಡುವುದಿಲ್ಲ ಎಂದು ಗುತ್ತಿಗೆದಾರ ಹೆದರಿಸಿದ್ದ. ಆ ಅಧಿಕಾರಿಯ ನೌಕರಿ ಹೋಯಿತು. ದೂರು ಕೊಟ್ಟವರ ಹೆಸರು ಹೊರಗೆ ಬರಲಿಲ್ಲ. ಅಂದಿನಿಂದ ಇವರಿಗೆ ಬರೆದ ಅಕ್ಷರವೆಂದರೆ ಭಯ.

ಕಳೆದ ತಿಂಗಳು ಆ ಅಧಿಕಾರಿಯ ಹೆಂಡತಿಯೇ ನಮ್ಮ ಅಂಗಳಕ್ಕೆ ಬಂದರು. ಗಂಡ ತೀರಿಹೋಗಿದ್ದರು. ಹೆಸರಿನ ಕೆಳಗೆ ಬೈಬಲಿನ ಹೀಬ್ರೂ ಪದವೊಂದು ಬೇಕು, ‘ಅಶ್ರೇ’, ಅಂದರೆ ಸುಖಿ ಎಂದು ಅದೇ ಲಿಪಿಯಲ್ಲಿ ಬರೆದ ಚೀಟಿ ಕೊಟ್ಟು ಹೋದರು.

ಇವರು ಚೀಟಿ ತಿರುಗಿಸಿ ನೋಡುತ್ತ ಗೊಣಗತೊಡಗಿದರು. ಊರಲ್ಲಿ ಬೇರೆ ಕೆಲಸಗಾರರಿಲ್ಲವೇ? ಸುಖಿಯಂತೆ! ನೌಕರಿ ಕಳಕೊಂಡು ಮನೆಮನೆ ಅಲೆದು ಪಾಠ ಹೇಳಿ ಹೊಟ್ಟೆ ಹೊರೆದವನಿಗೆ ಎಂಥ ಸುಖ? ಆ ಗೀಚಿನಲ್ಲಿ ‘ಕೆತ್ತಿದವನು ಸುಳ್ಳುಗಾರ’ ಎಂದಿದ್ದರೆ? ಊಟಕ್ಕೆ ಕೂತರೂ ಅದೇ ಮಾತು. ಸುಳ್ಳೇಕೆ ಹೇಳಲಿ, ನನಗೂ ಅನುಮಾನ ಹತ್ತಿತು.

ಹಳೆಯ ಭಾಷೆಗಳನ್ನು ಕಲಿಸುತ್ತಿದ್ದ ನಿವೃತ್ತ ಮೇಷ್ಟ್ರ ಬಳಿ ಹೋದೆವು. ಸುಖಿ ಎಂಬುದು ಸರಿಯೇ, ಆದರೆ ಪದದ ಬೇರಿನಲ್ಲಿ ನೇರವಾಗಿ ಹೆಜ್ಜೆ ಇಡುವುದು ಎಂದಿದೆಯಂತೆ, ದಾರಿ ತಪ್ಪದೆ ನಡೆದವನ ನೆಮ್ಮದಿ ಅದು ಎಂದರು ಮೇಷ್ಟ್ರು. ಬಲದಿಂದ ಎಡಕ್ಕೆ ಬರೆಯುವುದನ್ನೂ ತೋರಿಸಿದರು. ಮನೆಗೆ ಬಂದವರೇ ಇವರು ಉಳಿ ಮಸೆಯಲು ಕೂತರು.

ಕೆತ್ತಿ ಮುಗಿದ ದಿನ ಆಕೆ ಬಂದು ಬೆರಳಿಟ್ಟು ಓದಿದರು.

“ನೀವು ಅರ್ಥ ತಿಳ್ಕೊಂಡೇ ಕೆತ್ತೋದು ಅಂತಾರೆ. ಅದಕ್ಕೇ ನಿಮ್ಮ ಹತ್ರ ಬಂದೆ.”

ಅಷ್ಟೇ. ಆಕೆಗೆ ಏನೂ ಗೊತ್ತಿರಲಿಲ್ಲ. ಸದ್ಯ ಬಚಾವಾದೆವು ಎಂದುಕೊಂಡೆ. ಇವರು ಮಾತ್ರ ಉಳಿ ಕೆಳಗಿಟ್ಟರು.

“ಅಮ್ಮಾ, ನಿಮ್ಮ ಯಜಮಾನರ ಮೇಲಿನ ಆ ದೂರಿಗೆ ಸಹಿ ಹಾಕಿದ್ದು ನಾನು. ಅವರು ಯಾರ ಹತ್ರಾನೂ ಏನೂ ಕೇಳಿರಲಿಲ್ಲ.”

ಆಕೆ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತರು. ಕೆತ್ತಿದ ಪದದ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು. ಕೊನೆಗೆ, “ಇದನ್ನ ಬರೆದು ಕೊಡ್ತೀರಾ?” ಎಂದರು.

ಇವರು ಬರೆದು, ಎರಡು ಸಲ ಓದಿ, ಸಹಿ ಹಾಕಿದರು. ಆಕೆ ಹಾಳೆ ಮಡಚುವಷ್ಟರಲ್ಲಿ ನಾನು ಕೈಚಾಚಿ ಇಸಿದುಕೊಂಡು ಕೆಳಗೆ ನನ್ನ ಹೆಸರನ್ನೂ ಬರೆದೆ. ಅಷ್ಟೂ ವರ್ಷ ಎಲ್ಲ ತಿಳಿದು ಬಾಯಿ ಹೊಲಿದುಕೊಂಡು ಆ ಸಹಿಯ ಅನ್ನ ಉಂಡವಳು ನಾನು.