ರಂಜಿತನ ಕೈ, ಹಾಲ್ದಾರನ ಬಾಡಿಗೆ

ರಂಜಿತನನ್ನು ನಾನು ಮೊದಲು ನೋಡಿದ ದಿನ ಅವನು ಒಬ್ಬ ಮನುಷ್ಯನ ತಲೆಗೂದಲು ಹಿಡಿದು, ಆ ಮನುಷ್ಯನ ಮುಖವನ್ನು ಅವನದೇ ಕಾರಿನ ಬಾನೆಟ್ಟಿಗೆ ಬಡಿಯುತ್ತಿದ್ದ. ನಾನು ರಂಜಿತನ ಹಳದಿ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಮಡಿಲಲ್ಲಿ ಕಲ್ಕತ್ತದ ಲೇಕ್ ಮಾರ್ಕೆಟ್ಟಿನಿಂದ ತಂದ ನುಗ್ಗೆಕಾಯಿ, ಕರಿಬೇವು, ತೆಂಗಿನಕಾಯಿ. ಸದರ್ನ್ ಅವೆನ್ಯೂಗೆ ತಿರುಗುವಲ್ಲಿ ಆ ಕಾರಿನವನು ಅಡ್ಡ ಬಂದಿದ್ದ. ಬಂದವನು ಕಿಟಕಿ ಇಳಿಸಿ ರಂಜಿತನ ತಾಯಿಯ ಮೇಲೆ ಒಂದು ಮಾತು ಅಂದ, ಆಮೇಲೆ ಉಗಿದ. ಉಗುಳು ರಂಜಿತನ ತೋಳಿನ ಮೇಲೆ ಬಿತ್ತು. ರಂಜಿತ್ ಅದನ್ನು ಒರೆಸಿಕೊಳ್ಳಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದ, ಇಳಿದ, ಆ ಕಾರಿನ ಬಾಗಿಲು ತೆಗೆದು ಅವನನ್ನು ಹೊರಗೆಳೆದ.

ಹಲ್ಲು ಮುರಿದ ಸದ್ದು ನನಗೆ ಕೇಳಿತು. ಒಣ ಕೊಬ್ಬರಿ ಒಡೆದ ಹಾಗೆ. ಬಿಳಿ ಬಾನೆಟ್ಟಿನ ಮೇಲೆ ರಕ್ತ ಬಳಿದಂತೆ ಹರಡಿತು. ಜನ ಸುತ್ತ ನಿಂತರು, ಯಾರೂ ಹತ್ತಿರ ಹೋಗಲಿಲ್ಲ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ:

“ಏ ಬಾಬಾ, ಮೀಟರ್ ಓಡಾಕತ್ತೈತಿ. ನೀ ಬಡಿಯೂದು ಯಾರ ಲೆಕ್ಕಕ್ಕ? ನಂದೋ, ಅವಂದೋ?”

ರಂಜಿತ್ ಕೂದಲು ಬಿಡದೆ ತಿರುಗಿ ನೋಡಿದ. ನಕ್ಕುಬಿಟ್ಟ. ನಕ್ಕ ಮೇಲೆ ಅವನ ಕೈ ಸಡಿಲಾಯಿತು. ಬಂದು ಕೂತು, ಕೆಂಪು ಗಮ್ಛಾ ಟವೆಲಿನಲ್ಲಿ ಮೊದಲು ರಕ್ತ ಒರೆಸಿಕೊಂಡ, ಆಮೇಲೆ ಉಗುಳು ಒರೆಸಿಕೊಂಡ, ಮೀಟರ್ ನಿಲ್ಲಿಸಿದ.

“ಇದು ನನ್ನ ಲೆಕ್ಕಕ್ಕ, ಮಾಶಿಮಾ. ಯಾವ ಗಲ್ಲಿ?”

ಅವನು ಆಡುತ್ತಿದ್ದುದು ಬಂಗಾಲಿ, ನಡುನಡುವೆ ಹಿಂದಿ; ಮಾಶಿಮಾ ಅಂದರೆ ಚಿಕ್ಕಮ್ಮ. ನಮ್ಮವರ ರೈಲ್ವೆ ನೌಕರಿಗೆಂದು ಈ ಊರಿಗೆ ಬಂದು ನಲವತ್ತು ವರ್ಷ ದಾಟಿದರೂ ನನ್ನ ಕಿವಿ ಎಲ್ಲವನ್ನೂ ಹುಬ್ಬಳ್ಳಿಯ ಮಾತು ಮಾಡಿಕೊಂಡೇ ಕೇಳುತ್ತದೆ. ಕೇಳಿದ ಹಾಗೆಯೇ ಬರೆದಿದ್ದೇನೆ. ಅವನು ಸತ್ತು ಇದು ಎರಡನೆಯ ಚಳಿಗಾಲ.

ರಂಜಿತ್ ಸುಂದರಬನದ ಹತ್ತಿರದ ಕ್ಯಾನಿಂಗ್ ಎಂಬ ಊರಿನ ಕಡೆಯವನು. ಅಪ್ಪ ಮೀನು ಹೊರುವವ. ಕುಡಿದು ಬಂದು ಬುಟ್ಟಿಯ ಹಗ್ಗ ಬಿಚ್ಚಿ ಮಗನನ್ನು ಹೊಡೆಯುತ್ತಿದ್ದ. ಒಂದು ದಿನ ಮಗ ಆ ಹಗ್ಗ ಕಸಿದುಕೊಂಡು ಅಪ್ಪನನ್ನೇ ಹೊಡೆದು, ರೈಲು ಹತ್ತಿ ಕಲ್ಕತ್ತಕ್ಕೆ ಬಂದ. ಲಾರಿ ತೊಳೆದ, ಲಾರಿ ಓಡಿಸಿದ, ಟ್ಯಾಕ್ಸಿಗೆ ಬಂದ. ಎಡಗೈ ಕಿರುಬೆರಳಿಗೆ ತುದಿ ಇರಲಿಲ್ಲ. ಸ್ಟ್ಯಾಂಡಿನಲ್ಲಿ ಸರದಿಯ ಜಗಳವಾಗಿ ಒಬ್ಬ ಟ್ಯಾಕ್ಸಿಯ ಬಾಗಿಲನ್ನು ಆ ಬೆರಳಿನ ಮೇಲೆ ಬಡಿದು ಮುಚ್ಚಿದ್ದ. ಅದನ್ನು ನನಗೆ ತೋರಿಸಿ ಹೇಳಿದ್ದ: “ಬೆರಳು ಹೋತು, ಸರದಿ ನಂದಾತು.”

ಇಷ್ಟು ಸಿಟ್ಟಿನವನು ಗಾಡಿಯ ಕೆಳಗೆ ಮಲಗಿದ ನಾಯಿಯನ್ನು ಎಂದೂ ಒದ್ದು ಎಬ್ಬಿಸಲಿಲ್ಲ. ಬಗ್ಗಿ ಸಿಳ್ಳೆ ಹಾಕಿ, ಅದು ಮೈಮುರಿದು ಏಳುವವರೆಗೆ ಕಾಯುತ್ತಿದ್ದ. ಕರೆದವರಿಗೆಲ್ಲ ಮೊದಲ ಮಾತಿಗೇ “ಬರಂಗಿಲ್ಲ” ಅನ್ನುವುದು ಈ ಊರಿನ ಟ್ಯಾಕ್ಸಿಯವರ ಚಾಳಿ. ನನಗೆ ಅವನು ಒಂದು ದಿನವೂ ಹಾಗೆ ಅನ್ನಲಿಲ್ಲ.

ಹೆಂಡತಿ ಕಾಮಾಲೆಯಿಂದ ಹೋಗಿದ್ದಳು. ಉಳಿದವಳು ಮಗಳು ತುಳಸಿ, ಆಗ ಒಂಬತ್ತನೆಯ ಕ್ಲಾಸು. ಹಲ್ಲು ಮುರಿಸಿಕೊಂಡವನು ಕೇಸು ಹಾಕಿದ, ಪೊಲೀಸರು ರಂಜಿತನ ಲೈಸೆನ್ಸನ್ನು ಕೆಲವು ತಿಂಗಳು ಹಿಡಿದಿಟ್ಟರು. ಇನ್ನೊಂದು ಹೊಡೆದಾಟದ ಕೇಸು ಬಿದ್ದರೆ ಲೈಸೆನ್ಸು ಪೂರ್ತಿ ರದ್ದು ಎಂದು ಹೇಳಿ ಹಿಂದಕ್ಕೆ ಕೊಟ್ಟರು. ಅವತ್ತು ನಮ್ಮ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತ.

“ಗಾಡಿ ಓಡಿಸೂದು ಹೋದ್ರ ನನಗ ಬರೂದು ಹೊಡೆಯೂದ ಒಂದ, ಮಾಶಿಮಾ. ಅದಕ್ಕ ಯಾರು ಪಗಾರ ಕೊಡ್ತಾರ?”

“ಕೊಡೋರು ಅದಾರ. ಆದ್ರ ಅಂಥಾ ಕೆಲಸಾ ಮಾಡಿದವ್ರು ಮುದುಕ್ರಾಗಿದ್ದು ನಾ ನೋಡಿಲ್ಲ,” ಎಂದೆ.

ಮರುದಿನ ಅವನು, ತುಳಸಿ, ನಾನು ಕಾಳಿಘಾಟಿಗೆ ಹೋದೆವು. ಗುಡಿಯ ಹೊರಗೆ ಅವನು ಮಗಳ ತಲೆಯ ಮೇಲೆ ಕೈ ಇಡಲು ಹೋದ. ತುಳಸಿ ತಲೆ ತಪ್ಪಿಸಿದಳು.

“ಅಪ್ಪನ ಆಣಿ ಒಂದ ರಾತ್ರಿದ್ದು. ಸಾಕ್ಷಿ ಬೇಕು. ದಿದಾ, ನೀವು ಈ ಕಡೆ ನಿಂದರ್ರಿ.”

“ನೋಡ್ರಿ, ನೋಡ್ರಿ,” ಎಂದ ರಂಜಿತ್. “ಇಕಿ ವಕೀಲಕಿ ಆಗ್ತಾಳ.”

ಅಜ್ಜಿಯನ್ನು ಕರೆಯುವಂತೆ ಅವಳು ನನ್ನನ್ನು ದಿದಾ ಎಂದು ಕರೆಯುತ್ತಿದ್ದಳು. ನಾನು ಅವಳು ತೋರಿಸಿದಲ್ಲಿ ನಿಂತೆ. ಅವನು ತಲೆಯ ಮೇಲೆ ಕೈ ಇಟ್ಟ. “ಇನ್ನ ಮ್ಯಾಲ ಯಾರ ಮ್ಯಾಲೂ ಕೈ ಎತ್ತಂಗಿಲ್ಲ.”

“ಅವ್ರ ಮೊದ್ಲ ಹೊಡದ್ರ?”

“ಹೊಡದ್ರೂ.”

“ನಿನ್ನ ಅವ್ವನ ಹೆಸರು ಎತ್ತಿ ಬೈದ್ರ?”

“ಬೈದ್ರೂ.”

“ದಿದಾ, ಕೇಳಿದ್ರಲ್ಲ?”

“ಕೇಳಿದೆ,” ಎಂದೆ.

ಆಣೆ ಉಳಿಸಿಕೊಳ್ಳಲು ಅವನೊಂದು ಉಪಾಯ ಮಾಡಿಕೊಂಡಿದ್ದ. ಸಿಟ್ಟು ಏರಿದಾಗ ಹೆಗಲ ಮೇಲಿನ ಗಮ್ಛಾ ತೆಗೆದು ಎರಡೂ ಕೈಗಳಿಗೆ ಸುತ್ತಿಕೊಂಡು, ಹಾಗೆಯೇ ಸ್ಟೀರಿಂಗ್ ಹಿಡಿದು ಕೂರುತ್ತಿದ್ದ. ಕೈಗಳು ಒಳಗೆ ಮಿಸುಕಾಡುವುದು ಹಿಂದಿನ ಸೀಟಿಗೂ ಕಾಣುತ್ತಿತ್ತು.

ಆ ವರ್ಷ ದುರ್ಗಾಪೂಜೆಗೆ ಮುಂಚೆ ಪೆಟ್ರೋಲು ಡೀಸೆಲ್ ಮೇಲಿನ ಒಂದು ತೆರಿಗೆಯನ್ನು ಸ್ವಲ್ಪ ಕಾಲ ನಿಲ್ಲಿಸಿದ್ದೇವೆ ಎಂದು ಸರ್ಕಾರ ಹೇಳಿತು. ರಂಜಿತ್ ಖುಷಿಗೆ ನನಗೆ ಸಂದೇಶ್ ಮಿಠಾಯಿ ತಂದುಕೊಟ್ಟ. ನನ್ನ ಮಗ ಶಶಾಂಕ ತನ್ನ ಕಾರಿನ ಟ್ಯಾಂಕ್ ತುಂಬಿಸಿ ಮನೆಯವರನ್ನೆಲ್ಲ ಡೈಮಂಡ್ ಹಾರ್ಬರಿಗೆ ಕರೆದುಕೊಂಡು ಹೋಗಿ ಬಂದ. ರಂಜಿತನ ಸ್ಟ್ಯಾಂಡಿನಲ್ಲಿ ನಿತಾಯ್ ಎಂಬ ಮುದುಕನಿದ್ದ, ಅವನದು ಸ್ವಂತ ಟ್ಯಾಕ್ಸಿ. ಉಳಿದ ಹಣದಲ್ಲಿ ಅವನು ಹೊಸ ಟೈರು ಹಾಕಿಸಿದ. ಅವನಿಗೆ ಲಾಭವಾದದ್ದು ನಿಜ.

ರಂಜಿತನ ಗಾಡಿ ಅವನದಲ್ಲ, ಕಸಬಾದಲ್ಲಿ ಗ್ಯಾರೇಜು ಇಟ್ಟಿದ್ದ ಹಾಲ್ದಾರನದು. ದಿನದ ಬಾಡಿಗೆ ಹಾಲ್ದಾರನಿಗೆ, ಡೀಸೆಲ್ ಡ್ರೈವರನ ಖರ್ಚು, ಮಿಕ್ಕಿದ್ದು ಡ್ರೈವರನಿಗೆ. ಗಾಡಿ ಧಣಿಯದು, ಟ್ಯಾಂಕಿನೊಳಗಿನದು ಓಡಿಸುವವನದು. ಅಲ್ಲಿನ ಹಳೆಯ ಒಪ್ಪಂದ ಅದು.

ಡೀಸೆಲ್ ಇಳಿದ ಮರುದಿನವೇ ಹಾಲ್ದಾರ ಬಾಡಿಗೆ ಏರಿಸಿದ.

“ಸರ್ಕಾರ ನಿನಗೊಬ್ಬನಿಗ ಹಬ್ಬ ಮಾಡೇತೇನು?” ಎಂದು ಕೇಳಿದನಂತೆ. “ಗಾಡಿ ಯಾರದು?”

ಸರ್ಕಾರ ಬಿಟ್ಟ ದುಡ್ಡು ರಂಜಿತನ ಜೇಬಿನ ಮುಂದೆ ಹಾದು ಹೋಯಿತು, ಒಳಗೆ ಇಳಿಯಲಿಲ್ಲ. ಇತ್ತ ಹತ್ತಿದ ಗಿರಾಕಿಗಳು ಇನ್ನೊಂದು ಬಗೆ. ರಾಶ್‌ಬಿಹಾರಿಯ ಹತ್ತಿರ ಇಬ್ಬರು ಹುಡುಗರು ಇಳಿಯುವಾಗ “ಡೀಸೆಲ್ ಇಳದೈತಿ, ನಿನ್ನ ಮೀಟರ್ ಯಾಕ ಇಳದಿಲ್ಲೋ ಕಳ್ಳಾ?” ಎಂದು ಅರ್ಧ ದುಡ್ಡು ಎಸೆದರು. ಪೂರ್ತಿ ಕೊಡಿ ಎಂದದ್ದಕ್ಕೆ ಕಿಟಕಿಯೊಳಗೆ ಕೈ ತೂರಿಸಿ ಅವನ ಮುಖವನ್ನು ಸ್ಟೀರಿಂಗಿಗೆ ಬಡಿದರು, ಒಮ್ಮೆ ಅಲ್ಲ. ಹುಬ್ಬು ಸೀಳಿತು. ಅವನು ಗಮ್ಛಾ ಸುತ್ತಿದ ಕೈ ತೆಗೆಯಲಿಲ್ಲ. ಮರುದಿನ ನನ್ನನ್ನು ಕರೆದೊಯ್ಯಲು ಬಂದಾಗ ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಹಾರ್ನಿನ ಸುತ್ತ ರಕ್ತ ಕಪ್ಪಾಗಿ ಅಂಟಿತ್ತು.

“ಕೈ ಎತ್ತಲಿಲ್ಲ, ಮಾಶಿಮಾ. ತುಳಸಿಗೆ ನೀವ ಹೇಳ್ರಿ. ನಾ ಹೇಳಿದ್ರ ನಂಬಂಗಿಲ್ಲ.”

ಹೇಳಿದೆ. ತುಳಸಿ ಅವನ ಹುಬ್ಬಿಗೆ ಅರಿಶಿನ ಹಚ್ಚುತ್ತ, “ಮೊದಲು ನೀ ಮಂದಿ ಮುಖ ಒಡೀತಿದ್ದಿ, ಈಗ ನಿಂದು ಒಡಿಸ್ಕೊಂಡಿ. ಸರಿ ಆತು ಬಿಡು,” ಎಂದಳು. ಅಪ್ಪ ಮಗಳು ಇಬ್ಬರೂ ನಕ್ಕರು. ನಗುವಾಗ ಅವನ ಗಾಯ ಮತ್ತೆ ಬಿಚ್ಚಿತು.

ದೀಪಾವಳಿ ಹೊತ್ತಿನ ಕಾಳಿಪೂಜೆ ಮುಗಿದ ಮೇಲೆ ತೆರಿಗೆ ತಿರುಗಿ ಬರುತ್ತದೆ ಎಂದು ಗೊತ್ತಾಯಿತು. ಅಗ್ಗದ ಕಡೆಯ ದಿನ ಬಂಕುಗಳ ಮುಂದೆ ಜಾತ್ರೆ. ಸಾಲಿನಲ್ಲಿ ಒಬ್ಬ ನುಗ್ಗಿದ, ಇನ್ನೊಬ್ಬ ಕ್ಯಾನಿನಿಂದ ಬೀಸಿದ. ಆ ಕ್ಯಾನು ತಗುಲಿದ್ದು ರಂಜಿತನ ಕಿವಿಗೆ. ಒಬ್ಬ ಬೈಕಿನವನನ್ನು ಜನ ಕೆಳಗೆ ಕೆಡವಿ ತುಳಿದರಂತೆ. ರಂಜಿತ್ ಕೈ ಸುತ್ತಿಕೊಂಡು ಸಂಜೆಯವರೆಗೆ ಸಾಲಿನಲ್ಲಿ ನಿಂತು, ಮನೆಯಲ್ಲಿದ್ದ ದುಡ್ಡನ್ನೆಲ್ಲ ಹಾಕಿ ಟ್ಯಾಂಕ್ ತುಂಬಿಸಿದ. ಆ ಎರಡು ತಿಂಗಳಲ್ಲಿ ಅವನಿಗೆ ದಕ್ಕಿದ್ದು ಅದೊಂದು ಟ್ಯಾಂಕ್ ಡೀಸೆಲ್.

ಮರುದಿನ ಬೆಳಿಗ್ಗೆ ನಾನು ಅವನ ಗಾಡಿಯಲ್ಲಿ ಬಿಬಿಡಿ ಬಾಗ್‌ಗೆ ಹೋದೆ. ನಮ್ಮವರ ಪಿಂಚಣಿ ಬರಬೇಕಾದರೆ ನಾನು ಬದುಕಿದ್ದೇನೆ ಎಂದು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಒತ್ತಬೇಕು. ಒತ್ತಿ ಹಿಂದಿರುಗುವಾಗ ರಂಜಿತ್ ಹೇಳಿದ:

“ಡೀಸೆಲ್ ಮತ್ತ ಏರೇತಿ. ಬಾಡಗಿ ಹಳೀದ ಮಾಡ್ರಿ ಅಂತ ಕೇಳಬೇಕು. ನಿಮ್ಮನ್ನ ಮನೀಗಿ ಬಿಟ್ಟು ಹೊಕ್ಕೀನಿ.”

“ಈಗ ಹೋಗು. ನಾ ಕೂತಿರ್ತೀನಿ. ಸಾಕ್ಷಿ ಇದ್ರ ನಿನ್ನ ಕೈ ಸುಮ್ಮನಿರ್ತಾವ.”

ಹಾಲ್ದಾರ ಗ್ಯಾರೇಜಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುತ್ತಿದ್ದ. ಅವನ ಮೂವರು ಆಳುಗಳು ಒಂದು ಚಕ್ರ ಬಿಚ್ಚುತ್ತಿದ್ದರು. ರಂಜಿತ್ ಇಳಿದು, ಮೊದಲೇ ಕೈಗೆ ಗಮ್ಛಾ ಸುತ್ತಿಕೊಂಡು, ಎದುರಿಗೆ ನಿಂತು ಕೇಳಿದ.

“ಏರಿಸಿದ್ದು ಸರ್ಕಾರ. ಅಲ್ಲಿ ಹೋಗಿ ಕೇಳು,” ಎಂದ ಹಾಲ್ದಾರ.

“ಇಳದಾಗ ನೀವು ಬಾಡಗಿ ಏರಿಸಿದ್ರಿ, ಬಾಬು.”

“ಏರಿಸಿದೆ, ಕೊಟ್ಟಿ. ಕೊಟ್ಟು ಕೊಟ್ಟು ರೂಢಿ ಆಗೇತಿ. ಛಲೋ ರೂಢಿ ಬಿಡಬಾರದು.”

ಆಳುಗಳು ನಕ್ಕರು.

“ಹಂಗಾರ ಗಾಡಿ ಬಿಡ್ತೀನಿ. ಟ್ಯಾಂಕಿನಾಗಿನ ಡೀಸೆಲ್ ನಂದು. ಅದು ತೀರಿದ ಮ್ಯಾಲ ಚಾವಿ ತಂದು ಕೊಡ್ತೀನಿ.”

“ಟ್ಯಾಂಕ್ ಯಾರದೋ?” ಎಂದು ಹಾಲ್ದಾರ ಆಳುಗಳ ಕಡೆ ನೋಡಿದ.

ಒಬ್ಬ ಹಿಂದಿನಿಂದ ಕಾಲಿಗೆ ಹೊಡೆದು ಕೆಡವಿದ. ಇನ್ನೊಬ್ಬ ಹಳೆಯ ಫ್ಯಾನ್ ಬೆಲ್ಟು ತೆಗೆದುಕೊಂಡ. ಬೆಲ್ಟು ಬೆನ್ನಿಗೆ ಬಿದ್ದಾಗಲೆಲ್ಲ ಅಂಗಿ ಒಂದು ಗೆರೆಯಾಗಿ ಹರಿಯಿತು. ಮೊದಲನೆಯವನು ಬೂಟುಗಾಲಲ್ಲಿ ಪಕ್ಕೆಗೆ ಒದೆಯುತ್ತಿದ್ದ, ಒಂದೇ ಕಡೆ, ಗುರಿಯಿಟ್ಟು. ಎಲುಬು ಮುರಿದದ್ದು ಗಾಡಿಯೊಳಗೆ ಕೇಳಿತು. ರಂಜಿತ್ ಗಮ್ಛಾ ಸುತ್ತಿದ ಕೈಗಳನ್ನು ಎದೆಗೆ ಒತ್ತಿಕೊಂಡು ಮಗುವಿನ ಹಾಗೆ ಮುದುರಿ ಮಲಗಿದ್ದ. ನಾನು ಕೂಗಿದೆ. ಬಾಗಿಲು ತೆಗೆಯಲು ನೋಡಿದರೆ ಅತ್ತ ಕಡೆ ಮೂರನೆಯವನು ಒತ್ತಿ ನಿಂತಿದ್ದ. ಕಡೆಗೆ ಹೊಡೆಯುವವರಿಗೇ ಉಸಿರು ಹತ್ತಿ ನಿಲ್ಲಿಸಿದರು.

“ಮಗಳ ಆಣಿ ಇಟ್ಟಾನಂತ,” ಎಂದ ಹಾಲ್ದಾರ. “ಹೆಣಾ ಸುದ್ದಾ ಇಷ್ಟು ಸುಮ್ಮನಿರಂಗಿಲ್ಲ.”

ಆಗ ಒಬ್ಬ ಆಳು ಟ್ಯಾಂಕಿನ ಮುಚ್ಚಳ ತೆಗೆದು ರಬ್ಬರ್ ಪೈಪು ಇಳಿಸಿದ. ಬಾಯಿಂದ ಎಳೆದ, ಉಗಿದ, ಪೈಪಿನ ತುದಿಯನ್ನು ಕ್ಯಾನಿಗೆ ಇಟ್ಟ. ಡೀಸೆಲ್ ಸುರಿಯುವ ಸದ್ದು ನನ್ನ ಸೀಟಿನ ಹಿಂದೆಯೇ ಕೇಳುತ್ತಿತ್ತು. ಯಾರೂ ರಂಜಿತನನ್ನು ಮುಟ್ಟುತ್ತಿರಲಿಲ್ಲ, ಯಾರೂ ಬೈಯುತ್ತಿರಲಿಲ್ಲ. ಅವನು ನೆಲದಿಂದ ಕ್ಯಾನನ್ನು ನೋಡುತ್ತಿದ್ದ. ಆಮೇಲೆ ಎದ್ದು ಕೂತು ಗಮ್ಛಾ ಬಿಚ್ಚತೊಡಗಿದ. ಅವಸರ ಮಾಡಲಿಲ್ಲ. ಒಂದೊಂದೇ ಸುತ್ತು ಬಿಚ್ಚಿ, ಹೆಗಲಿಗೆ ಹಾಕಿಕೊಂಡ.

“ರಂಜಿತ್,” ಎಂದೆ. ಅವನು ನನ್ನ ಕಡೆ ನೋಡಲಿಲ್ಲ. ಮೀಟರ್ ಬಂದ್ ಆಗಿತ್ತು.

ತನ್ನನ್ನು ಹೊಡೆದವರನ್ನು ದಾಟಿ ಹೋಗಿ ಅವನು ನೆಲದ ಮೇಲಿದ್ದ, ಚಕ್ರ ಬಿಚ್ಚುವ ಕಬ್ಬಿಣದ ವೀಲ್ ಪಾನಾ ಎತ್ತಿಕೊಂಡ. ಹಾಲ್ದಾರ ಕುಡಿಕೆಯನ್ನು ತುಟಿಗೆ ಇಟ್ಟಿದ್ದ. ಪಾನಾ ಬಿದ್ದದ್ದು ಕುಡಿಕೆಯ ಮೇಲೆ, ದವಡೆಯ ಮೇಲೆ. ಚಹಾ, ಮಣ್ಣಿನ ಚೂರು, ಹಲ್ಲು ಎಲ್ಲ ಒಂದಾಗಿ ಸುರಿಯಿತು. ಸ್ಟೂಲಿನಿಂದ ಉರುಳಿದವನ ಮೊಣಕಾಲಿಗೆ ಹೊಡೆದ, ತಡೆಯಲು ಎತ್ತಿದ ಕೈಗೆ ಹೊಡೆದ. ಆಳುಗಳು ಓಡಿಬಂದು ಜಾಕಿಯಿಂದ ರಂಜಿತನ ತಲೆಯ ಹಿಂದೆ ಹೊಡೆಯುವವರೆಗೂ ನಿಲ್ಲಿಸಲಿಲ್ಲ. ಕ್ಯಾನು ಉರುಳಿ ಡೀಸೆಲ್ ಗ್ಯಾರೇಜಿನ ತುಂಬ ಹರಿಯಿತು. ರಂಜಿತ್, ಹಾಲ್ದಾರ ಇಬ್ಬರೂ ಅದರಲ್ಲೇ ಬಿದ್ದಿದ್ದರು.

ಪೊಲೀಸರು ಕೇಳಿದಾಗ ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿದೆ. ಮೊದಲು ಅವರು ಹೊಡೆದರು. ನಿಲ್ಲಿಸಿದರು. ಪೈಪು ಹಾಕಿದರು. ಆಮೇಲೆ ಇವನು ಹೊಡೆದ.

ಹಾಲ್ದಾರ ಬದುಕಿದ್ದಾನೆ. ತಂತಿ ಹಾಕಿಸಿದರೂ ದವಡೆ ನೆಟ್ಟಗೆ ಕೂಡದೆ ಇಂದಿಗೂ ಗಂಜಿ ಹೀರುತ್ತಾನೆ. ಅವನ ಗಾಡಿಗಳ ಬಾಡಿಗೆ ಏರಿದಲ್ಲಿಯೇ ನಿಂತಿದೆ, ರಂಜಿತನ ಟ್ಯಾಕ್ಸಿಯನ್ನು ಈಗ ಇನ್ನೊಬ್ಬ ಓಡಿಸುತ್ತಾನೆ. ಮೊನ್ನೆ ಶಶಾಂಕ ಪೇಪರು ಓದುತ್ತ, “ಅವ್ವಾ, ಮತ್ತ ಆ ತೆರಿಗೆ ನಿಲ್ಲಸ್ತಾರಂತ, ನಿಮ್ಮ ಡ್ರೈವರುಗಳಿಗೆ ಛಲೋ ಆತು,” ಎಂದ. ಗಾಡಿ ಯಾರದು ಅಂತ ಮೊದಲು ಕೇಳು ಎಂದೆ.

ರಂಜಿತ್ ಆಸ್ಪತ್ರೆಯಲ್ಲಿ ಮೂರು ದಿನ ಇದ್ದ. ಹೊರಗೆ ಪೊಲೀಸಿನವನು ಕೂತಿದ್ದ. ಮುರಿದ ಎಲುಬು ಒಳಗೆ ಚುಚ್ಚಿ ರಕ್ತ ಸೋರುತ್ತಿತ್ತಂತೆ, ಕೆಮ್ಮಿದರೆ ಗಮ್ಛಾ ಕೆಂಪಾಗುತ್ತಿತ್ತು. ಗಮ್ಛಾ ಮೊದಲೇ ಕೆಂಪು, ಒದ್ದೆಯಾದದ್ದರಿಂದ ಮಾತ್ರ ಗೊತ್ತಾಗುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ತುಳಸಿಯನ್ನು ಡಾಬು ತರಲು ಕಳಿಸಿದ, ಎಳನೀರು ಬೇಕೆಂದು. ಅವಳು ಬಾಗಿಲು ದಾಟುವವರೆಗೆ ಕಾದು, ನನ್ನನ್ನು ಹತ್ತಿರ ಕರೆದ.

“ನಾ ಪಾನಾ ಎತ್ತೂ ಹೊತ್ತಿಗೆ ಅವ್ರು ಹೊಡೆಯೂದು ನಿಲ್ಲಿಸಿದ್ರು. ಹೌದಲ್ಲ, ಮಾಶಿಮಾ?”

“ಹೌದು.”

“ಬೈತಿದ್ದಿಲ್ಲ.”

“ಇಲ್ಲ.”

“ತುಳಸಿ ಇನ್ನೂ ಕೇಳಿಲ್ಲ. ಕೇಳ್ತಾಳ, ವಕೀಲಕಿ.” ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. ಹೊರಗೆ ಅವಳ ಚಪ್ಪಲಿಯ ಸದ್ದು ಹಿಂದಿರುಗುತ್ತಿತ್ತು. “ನೀವ ಸಾಕ್ಷಿ. ಅಕಿಗೆ ಏನಂತ ಹೇಳ್ತೀರಿ?”