ಮರದ ಕಂಬಕ್ಕೆ ನೀರು ಹೊಡೆದವಳು

ಹೈದರಾಬಾದಿನ ಮಾದಾಪುರದಲ್ಲಿ ಮರದಿಂದಲೇ ನಾಲ್ಕು ಅಂತಸ್ತಿನ ಆಫೀಸು ಕಟ್ಟುವ ಕೆಲಸಕ್ಕೆ ನಾನು ಇಂಜಿನಿಯರಾಗಿ ಸೇರಿದಾಗ ಅಪ್ಪ ನಕ್ಕುಬಿಟ್ಟಿದ್ದರು. “ಬಿಲ್ಡಿಂಗ್ ಕಟ್ಟಾಕ ಹೊಂಟೀಯೋ, ಮಂಚ ಮಾಡಾಕ ಹೊಂಟೀಯೋ ಮಗಳ?” ನನಗೂ ಒಳಗೊಳಗೇ ಅದೇ ಅನುಮಾನ. ಹಲಗೆಗಳನ್ನು ಅಡ್ಡಡ್ಡ, ಉದ್ದುದ್ದ ಪದರವಾಗಿ ಅಂಟಿಸಿ, ಗೋಡೆಯಷ್ಟು ದೊಡ್ಡದು ಮಾಡಿ ಲಾರಿಯಲ್ಲಿ ತರುತ್ತಿದ್ದರು; ಕಂಬಗಳೂ ಹಾಗೇ ಬರುತ್ತಿದ್ದವು. ಕ್ರೇನು ಎತ್ತಿಡುವುದು, ಸ್ಕ್ರೂ ಬಿಗಿಯುವುದು, ಮುಗೀತು. ಬೆಳಿಗ್ಗೆ ಹೋದವಳೇ ಕಂಬಕ್ಕೆ ಮೂಗು ಹಚ್ಚಿ ವಾಸನೆ ನೋಡುತ್ತಿದ್ದೆ, ಬೆರಳಿಂದ ಬಡಿದು ಸದ್ದು ಕೇಳುತ್ತಿದ್ದೆ. ಹುಚ್ಚೇ ಸರಿ.

ತಳಪಾಯ ಮಾತ್ರ ಕಾಂಕ್ರೀಟಿನದು. ಅದಕ್ಕೆ ನೀರು ಹೊಡೆಯಲು ಯಾದಗಿರಿ ಕಡೆಯ ಒಬ್ಬ ಹೆಂಗಸು ಇದ್ದಳು. ಹೈದರಾಬಾದಿಗೆ ಬಂದಾಗಿನಿಂದ ಅವಳದು ಅದೊಂದೇ ಕೆಲಸ: ಹೊಸ ಕಾಂಕ್ರೀಟು ಬಿರಿಯದಂತೆ ಪೈಪು ಹಿಡಿದು ತೋಯಿಸುವುದು. ಒಂದು ಬೆಳಿಗ್ಗೆ ನೋಡುತ್ತೇನೆ, ಹಿಂದಿನ ದಿನ ನಿಲ್ಲಿಸಿದ ಮರದ ಕಂಬಗಳಿಗೆಲ್ಲ ಗೋಣಿಚೀಲ ಸುತ್ತಿ, ಭಕ್ತಿಯಿಂದ ನೀರು ಹೊಡೆಯುತ್ತಿದ್ದಾಳೆ!

“ಅಯ್ಯಯ್ಯೋ ಯವ್ವಾ, ಏನ್ ಮಾಡಾಕತ್ತೀಬೇ!”

“ಹೊಸಾ ಕಂಬ ಅಲ್ಲೇನ್ರಿ ಮೇಡಮ್ಮ? ನೀರು ಕುಡೀಲಿಲ್ಲಂದ್ರ ಬಿರೀತಾವ್ರಿ.”

ಕಾಂಕ್ರೀಟಿನ ಮಟ್ಟಿಗೆ ಅದು ಖರೆ. ಮರಕ್ಕೆ ಮಾತ್ರ ನೀರೇ ವೈರಿ. ಕಲೆ ಕಟ್ಟುತ್ತದೆ, ಉಬ್ಬುತ್ತದೆ. ಸೈಟಿನ ಮ್ಯಾನೇಜರು ತೆಲುಗಿನಲ್ಲಿ ಕೂಗಾಡಿ, ನಾಳೆಯಿಂದ ಬರಬೇಡ ಎಂದುಬಿಟ್ಟ. ಚೀಲ ಬಿಚ್ಚಿ ಸೆರಗಿನಿಂದ ಕಂಬ ಒರೆಸುತ್ತ ಅವಳು ನನ್ನನ್ನು ಕೇಳಿದಳು: “ಇನ್ಮ್ಯಾಲ ಎಲ್ಲಾರೂ ಕಟ್ಟಿಗೀಲೇ ಕಟ್ಟಿದ್ರ, ನನ್ನಂಥಾಕಿಗೆ ಕೆಲಸ ಯಾರ್ ಕೊಡ್ತಾರ್ರಿ?”

ಆ ಮರದ ಬಗ್ಗೆ ನೂರೆಂಟು ಪ್ರಶ್ನೆ ಕೇಳಿಕೊಂಡಿದ್ದೆ, ಇದೊಂದು ಹೊಳೆದಿರಲಿಲ್ಲ. ಮ್ಯಾನೇಜರನ ಮೇಲೆ ಕೆಟ್ಟ ಸಿಟ್ಟು ಬಂತು. ಹೋಗಿ ಜಗಳಕ್ಕೇ ನಿಂತೆ. ಮಳೆಗಾಲ ಬಂತು, ಚಾವಣಿ ಕೂರುವವರೆಗೆ ಮರ ನೆನೆಯದಂತೆ ಕಾಯಲು ಆಳು ಬೇಕೋ ಬೇಡವೋ? ಹೇಳಿದ ಕೆಲಸವನ್ನು ಒಂದು ದಿನ ತಪ್ಪಿಸದ ಇವಳನ್ನು ಬಿಟ್ಟು ಇನ್ಯಾರನ್ನು ತರುತ್ತೀರಿ? ಅವನು ಗೊಣಗುತ್ತಲೇ ಒಪ್ಪಿದ. ಅವಳ ಕೈಯಿಂದ ಪೈಪು ಹೋಗಿ ಒಣ ಬಟ್ಟೆ ಬಂತು.

ಮೊದಲ ಜೋರು ಮಳೆಗೆ ನಾನು ಮೆಟ್ರೋ ಇಳಿದು ಓಡೋಡಿ ಬರುವಷ್ಟರಲ್ಲಿ ಅವಳು ತಾಡಪತ್ರಿ ಹೊದಿಸಿ ಮುಗಿಸಿದ್ದಳು. ಅದರ ಕೆಳಗೆ ಕೂತು ಕಂಬದ ಬುಡ ಒರೆಸುತ್ತಿದ್ದಳು. ನನಗೆ ಜೀವ ಬಂದಂತಾಯಿತು. ನೀರು ಸೋರುವ ಕೈಯನ್ನು ಹಾಗೇ ಕಂಬದ ಮೇಲಿಡಲು ಹೋದೆ.

“ದೂರ ನಿಂದ್ರರಿ ಮೇಡಮ್ಮ,” ಎಂದು ಗದರಿದಳು, “ಕಂಬ ತೋಯ್ತೈತಿ!”